ನಿರ್ದೇಶಕರನ್ನು ಕೂರಿಸುವ ಕೈ ಯಾರದು?

2008ರ ಡಿಸೆಂಬರ್ 16ರ ಮಂಗಳವಾರ ಹೈದರಾಬಾದಿನಲ್ಲಿ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ನಿರ್ದೇಶಕ ಮಂಡಳಿ ಸಭೆ ಸೇರಿತು. ಮುಂದಿದ್ದ ಪ್ರಸ್ತಾವವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಸಾಫ್ಟ್‌ವೇರ್ ಸೇವೆ ಮಾರುವ ಕಂಪನಿ 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್‌ಫ್ರಾ ಎಂಬ ಎರಡು ನಿರ್ಮಾಣ ಕಂಪನಿಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕು. ಆ ಎರಡೂ ಕಂಪನಿಗಳು ಸತ್ಯಂ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸೇರಿದವು. ಸತ್ಯಂ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಮೇಟಾಸ್ ಆಗುತ್ತದೆ. ಸಂಬಂಧ ಹೆಸರಿನಲ್ಲೇ ಇತ್ತು. ಮಂಡಳಿಯಲ್ಲಿದ್ದವರು ಸಾಮಾನ್ಯರಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ, ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್, ಐಐಟಿ ದೆಹಲಿಯ ಮಾಜಿ ನಿರ್ದೇಶಕರು, ಪೆಂಟಿಯಂ ಚಿಪ್‌ನೊಂದಿಗೆ ಹೆಸರು ಬೆಸೆದುಕೊಂಡ ಎಂಜಿನಿಯರ್. ಪ್ರಶ್ನೆಗಳು ಬಂದವು. ಆದರೂ ಕೊನೆಗೆ ಎಲ್ಲರೂ ಒಪ್ಪಿದರು. ಆ ರಾತ್ರಿ ನ್ಯೂಯಾರ್ಕಿನ ಪೇಟೆಯಲ್ಲಿ ಸತ್ಯಂ ಷೇರು ಅರ್ಧಕ್ಕಿಂತ ಹೆಚ್ಚು ಬಿತ್ತು. ಬೆಳಗಾಗುವಷ್ಟರಲ್ಲಿ ಕಂಪನಿ ಖರೀದಿಯನ್ನೇ ಕೈಬಿಟ್ಟಿತು.

ಆ ನಂತರ ನಡೆದದ್ದು ಎಲ್ಲರಿಗೂ ಗೊತ್ತು. 2009ರ ಜನವರಿ 7ರಂದು ರಾಜು ಪತ್ರ ಬರೆದು, ಲೆಕ್ಕಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಮೇಟಾಸ್ ಖರೀದಿ ಆ ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ತಂದಿಡುವ ಕೊನೆಯ ಯತ್ನವಾಗಿತ್ತು ಎಂಬುದೂ ಅದೇ ಪತ್ರದಲ್ಲಿತ್ತು. ಸತ್ಯಂ ಕಥೆ ಹೇಳುವವರೆಲ್ಲ ಜನವರಿ 7ನ್ನೇ ನೆನೆಯುತ್ತಾರೆ. ಕಂಪನಿಗಳ ಆಡಳಿತದ ಬಗ್ಗೆ ಯೋಚಿಸುವವರು ಡಿಸೆಂಬರ್ 16ನ್ನು ನೆನೆಯಬೇಕು. ಸುಳ್ಳು ಬ್ಯಾಂಕ್ ದಾಖಲೆಗಳನ್ನು ನಿರ್ದೇಶಕರು ಪತ್ತೆ ಮಾಡಲಿಲ್ಲ ಎಂದು ದೂರುವುದು ಕಷ್ಟ. ಲೆಕ್ಕಪರಿಶೋಧಕರೇ ಅದಕ್ಕೆ ಸಹಿ ಹಾಕಿದ್ದರು. ಆದರೆ ಅಧ್ಯಕ್ಷರ ಮನೆಯವರ ಕಂಪನಿಗಳನ್ನು ಷೇರುದಾರರ ದುಡ್ಡಿನಲ್ಲಿ ಕೊಳ್ಳುವ ಪ್ರಸ್ತಾವದಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹೊರಗಿನ ಹೂಡಿಕೆದಾರರಿಗೆ ಕೆಲವೇ ಗಂಟೆಗಳಲ್ಲಿ ಅರ್ಥವಾದದ್ದಕ್ಕೆ ಒಳಗಿದ್ದ ಪಂಡಿತರು ಬೇಡವೆನ್ನಲಿಲ್ಲ. ಅವರಿಗೆ ಬುದ್ಧಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ನಿರ್ದೇಶಕರು ಯಾರ ಕರೆಯ ಮೇಲೆ ಬಂದು ಕೂರುತ್ತಾರೋ ಅವರಿಗೆ ಬೇಡವೆನ್ನುವುದು ಕಷ್ಟ ಎಂಬುದು ಇದರ ಹಿಂದಿನ ಸರಳ ಕಾರಣ ಎಂದು ನನಗನ್ನಿಸುತ್ತದೆ. ಕಳೆದ 15 ವರ್ಷಗಳಲ್ಲಿ ನಾವು ಮಾಡಿದ ಸುಧಾರಣೆಗಳೆಲ್ಲ ಈ ಕಾರಣದ ಸುತ್ತಮುತ್ತ ಓಡಾಡಿವೆ, ಅದನ್ನು ಮುಟ್ಟಿಲ್ಲ.

ಮಂಡಳಿಯ ಕೆಲಸವೇನು ಎಂಬುದನ್ನು ಮೊದಲು ನೋಡೋಣ. ಕಂಪನಿಯ ಮಾಲೀಕರು ಷೇರುದಾರರು, ದಿನನಿತ್ಯದ ಕೆಲಸ ನೋಡುವವರು ಸಿಇಒ ಮತ್ತು ಅವರ ತಂಡ. ಲಕ್ಷಾಂತರ ಷೇರುದಾರರು ದಿನವೂ ಬಂದು ಕಚೇರಿಯಲ್ಲಿ ಕೂರಲಾರರು. ಅವರ ಪರವಾಗಿ ದೊಡ್ಡ ತೀರ್ಮಾನಗಳನ್ನು ಮಾಡುವ, ನಡೆಸುವವರ ಮೇಲೆ ಕಣ್ಣಿಡುವ ಹತ್ತು ಹನ್ನೆರಡು ಜನರ ಕೂಟವೇ ನಿರ್ದೇಶಕ ಮಂಡಳಿ. 2013ರ ಕಂಪನಿ ಕಾಯ್ದೆಯ 179ನೇ ಸೆಕ್ಷನ್ ಮಂಡಳಿ ತನ್ನ ಸಭೆಯಲ್ಲೇ ನಿರ್ಣಯಿಸಬೇಕಾದ ವಿಷಯಗಳನ್ನು ಹೆಸರಿಸುತ್ತದೆ: ಸಾಲ ಎತ್ತುವುದು, ಹಣ ಹೂಡುವುದು, ವಾರ್ಷಿಕ ಲೆಕ್ಕಕ್ಕೆ ಒಪ್ಪಿಗೆ ಕೊಡುವುದು, ಹೊಸ ವ್ಯವಹಾರಕ್ಕೆ ಕಾಲಿಡುವುದು, ಇನ್ನೊಂದು ಕಂಪನಿಯನ್ನು ಕೊಳ್ಳುವುದು ಅಥವಾ ಅದರೊಂದಿಗೆ ವಿಲೀನವಾಗುವುದು. ಕಂಪನಿಯ ಭವಿಷ್ಯ ತಿರುಗುವ ಪ್ರತಿ ತಿರುವೂ ಈ ಪಟ್ಟಿಯಲ್ಲಿದೆ. 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಎಲ್ಲ ಷೇರುದಾರರ ಒಟ್ಟು ಹಿತಕ್ಕಾಗಿ ಪ್ರಾಮಾಣಿಕವಾಗಿ ದುಡಿಯಬೇಕು. ನೌಕರರು, ಸಮುದಾಯ, ಪರಿಸರ ಕೂಡ ಅವರ ಲೆಕ್ಕದಲ್ಲಿರಬೇಕು. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು, ಅಂದರೆ ಪ್ರವರ್ತಕರೊಂದಿಗೆ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರೊಂದಿಗೆ) ನೆಂಟಸ್ತಿಕೆಯಾಗಲಿ ದುಡ್ಡಿನ ವ್ಯವಹಾರವಾಗಲಿ ಇಲ್ಲದವರು. ಅವರಿಗೆ ಷೇರು ಆಯ್ಕೆಯ ಹಕ್ಕು ಕೊಡುವಂತಿಲ್ಲ. ಐದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಕಾಲ ಸತತವಾಗಿ ಮುಂದುವರಿಯುವಂತಿಲ್ಲ. ಇವುಗಳಲ್ಲಿ ಹಲವು ಸತ್ಯಂ ಕಲಿಸಿದ ಪಾಠಗಳು, ಒಳ್ಳೆಯವೇ.

ಇಷ್ಟು ಅಧಿಕಾರ ವಾಸ್ತವದಲ್ಲಿ ಹೇಗೆ ಚಲಾವಣೆಯಾಗುತ್ತದೆ? ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಏಳು ದಿನ ಮುಂಚೆ ನೋಟಿಸು, ಅದರ ಜೊತೆ ಅಜೆಂಡಾ ಮತ್ತು ಟಿಪ್ಪಣಿಗಳು. ದೊಡ್ಡ ಕಂಪನಿಯಲ್ಲಿ ಈ ಕಡತ ನೂರಾರು ಪುಟ. ಅದನ್ನು ಸಿದ್ಧಪಡಿಸುವವರು ಕಂಪನಿ ಕಾರ್ಯದರ್ಶಿ ಮತ್ತು ಆಡಳಿತದ ತಂಡ. ಯಾವ ವಿಷಯ ಮೊದಲು, ಯಾವುದು ಊಟದ ನಂತರ, ಯಾವ ಅಂಕಿ ಮುಖಪುಟದಲ್ಲಿ, ಯಾವುದು ಅನುಬಂಧದಲ್ಲಿ ಎಂಬುದನ್ನೂ ಬಹುಮಟ್ಟಿಗೆ ಅವರೇ ನಿರ್ಧರಿಸುತ್ತಾರೆ. ಇನ್ನು ಕೆಲವು ವಿಷಯಗಳು ಗೋಪ್ಯತೆಯ ಕಾರಣ ಹೇಳಿ ನೇರವಾಗಿ ಸಭೆಯ ಮೇಜಿಗೇ ಬರುತ್ತವೆ. ಬೇರೆ ಊರಿನಿಂದ ಬಂದ, ಇನ್ನೂ ನಾಲ್ಕಾರು ಕಂಪನಿಗಳ ಕಡತ ಓದಬೇಕಾದ ನಿರ್ದೇಶಕರು, ಇಡೀ ವರ್ಷ ಅದೇ ವ್ಯವಹಾರದಲ್ಲಿ ಮುಳುಗಿರುವ ಸಿಇಒ ಎದುರು ಕೂರುತ್ತಾರೆ. ಮಾಹಿತಿಯ ತಕ್ಕಡಿ ಒಂದೇ ಕಡೆ ವಾಲಿರುತ್ತದೆ. ಇದನ್ನು ಸರಿದೂಗಿಸುವ ಸಾಧನ ಒಂದೇ: ಇದು ನನಗೆ ಅರ್ಥವಾಗಲಿಲ್ಲ, ಅರ್ಥವಾಗುವವರೆಗೆ ಒಪ್ಪಿಗೆಯಿಲ್ಲ ಎನ್ನುವ ಧೈರ್ಯ.

ಆ ಧೈರ್ಯ ಎಲ್ಲಿಂದ ಬರಬೇಕು? ಸ್ವತಂತ್ರ ನಿರ್ದೇಶಕರ ಹೆಸರನ್ನು ಸೂಚಿಸುವುದು ಮಂಡಳಿಯದೇ ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿ. ಹೆಸರು ಬರುವುದು ಬಹುತೇಕ ಪರಿಚಯದ ವಲಯದಿಂದ. ಸಭೆಯೊಂದಕ್ಕೆ ಕೊಡುವ ಶುಲ್ಕಕ್ಕೆ 1 ಲಕ್ಷ ರೂಪಾಯಿಯ ಮಿತಿಯಿದ್ದರೂ ಲಾಭದಲ್ಲಿ ಕಮಿಷನ್ ಕೊಡಬಹುದು. ಕೆಲವು ದೊಡ್ಡ ಕಂಪನಿಗಳಲ್ಲಿ ಒಬ್ಬ ಸ್ವತಂತ್ರ ನಿರ್ದೇಶಕರ ವಾರ್ಷಿಕ ಗಳಿಕೆ ಕೋಟಿ ದಾಟುತ್ತದೆ. ಕೊನೆಗೆ ನೇಮಕಕ್ಕೆ ಷೇರುದಾರರ ಮತ ಬೇಕು. 2022ರ ಜನವರಿಯಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಇದಕ್ಕೆ ವಿಶೇಷ ನಿರ್ಣಯವನ್ನು ಕಡ್ಡಾಯ ಮಾಡಿದೆ, ಅಂದರೆ ಚಲಾಯಿಸಿದ ಮತಗಳಲ್ಲಿ ಶೇ 75 ಪರವಾಗಿರಬೇಕು. ಕೇಳಲು ಬಿಗಿಯಾದ ನಿಯಮ. ಆದರೆ ನೋಂದಾಯಿತ ಕಂಪನಿಯಲ್ಲಿ ಪ್ರವರ್ತಕರು ಇಟ್ಟುಕೊಳ್ಳಬಹುದಾದ ಗರಿಷ್ಠ ಪಾಲೂ ಶೇ 75. ಶೇ 75 ಪಾಲು ಇರುವ ಪ್ರವರ್ತಕರು ತಮ್ಮ ಮೇಲೆ ಕಣ್ಣಿಡುವವರನ್ನು ತಾವೊಬ್ಬರೇ ನೇಮಿಸಿಕೊಳ್ಳಬಹುದು. ಶೇ 60 ಇರುವವರೂ, ಉಳಿದವರಲ್ಲಿ ಅರ್ಧದಷ್ಟು ಜನ ಮತ ಹಾಕದೆ ಇದ್ದರೆ, ಸಲೀಸಾಗಿ ಗೆಲ್ಲುತ್ತಾರೆ. 2021ರ ಮಾರ್ಚ್‌ನಲ್ಲಿ ಸೆಬಿಯೇ ಹೊರಡಿಸಿದ ಚರ್ಚಾಪತ್ರದಲ್ಲಿ ಇದಕ್ಕಿಂತ ಉತ್ತಮ ದಾರಿಯಿತ್ತು: ಒಟ್ಟು ಷೇರುದಾರರ ಒಪ್ಪಿಗೆಯ ಜೊತೆಗೆ ಪ್ರವರ್ತಕರನ್ನು ಹೊರತುಪಡಿಸಿದ ಷೇರುದಾರರ ಬಹುಮತವೂ ಬೇಕು. ಉದ್ಯಮ ವಲಯದ ಆಕ್ಷೇಪ ಬಂತು. ಆ ವರ್ಷದ ಜೂನ್‌ನಲ್ಲಿ ಸೆಬಿ ಆ ಎರಡು ಬೀಗದ ವ್ಯವಸ್ಥೆ ಬಿಟ್ಟು ವಿಶೇಷ ನಿರ್ಣಯಕ್ಕೆ ಬಂದು ನಿಂತಿತು. ಅದು ಹಿನ್ನಡೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇತರ ಷೇರುದಾರರಿಗೆ ನಿಜವಾದ ಮತ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷ್ಯವಿದೆ. 2024ರ ಏಪ್ರಿಲ್‌ನಲ್ಲಿ ನೆಸ್ಲೆ ಇಂಡಿಯಾದ ಮಂಡಳಿ, ಸ್ವಿಟ್ಜರ್ಲೆಂಡಿನ ಮಾತೃಸಂಸ್ಥೆಗೆ ಕೊಡುವ ರಾಯಧನವನ್ನು ಮಾರಾಟದ ಶೇ 4.5ರಿಂದ ಐದು ವರ್ಷಗಳಲ್ಲಿ ಶೇ 5.25ಕ್ಕೆ ಏರಿಸಲು ಒಪ್ಪಿತು. ಇಂಥ ಸಂಬಂಧಿತ ಪಕ್ಷಗಳ ವಹಿವಾಟಿಗೆ ಲೆಕ್ಕಪರಿಶೋಧನಾ ಸಮಿತಿಯ ಸ್ವತಂತ್ರ ಸದಸ್ಯರ ಒಪ್ಪಿಗೆ ಬೇಕು; ಅದೂ ಸಿಕ್ಕಿತ್ತು. ಆದರೆ ಇಂಥ ವಿಷಯದಲ್ಲಿ ಸಂಬಂಧಪಟ್ಟ ಪಕ್ಷ ನಿರ್ಣಯದ ಪರ ಮತ ಹಾಕುವಂತಿಲ್ಲ. ಶೇ 62ಕ್ಕಿಂತ ಹೆಚ್ಚು ಷೇರು ಹೊಂದಿದ ಮಾತೃಸಂಸ್ಥೆ ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು, ತೀರ್ಮಾನ ಉಳಿದವರ ಕೈಗೆ ಬಂತು. ಮೇ ತಿಂಗಳ ಮತದಾನದಲ್ಲಿ ಅವರಲ್ಲಿ ಶೇ 57ರಷ್ಟು ವಿರುದ್ಧ ಬಿತ್ತು. ರಾಯಧನ ಶೇ 4.5ರಲ್ಲೇ ನಿಂತಿತು. ಕಂಪನಿಯಾಗಲಿ ಅದರ ವ್ಯಾಪಾರವಾಗಲಿ ಕುಸಿಯಲಿಲ್ಲ. ಸ್ವತಂತ್ರ ನಿರ್ದೇಶಕರು ದುರುದ್ದೇಶದಿಂದ ಒಪ್ಪಿದರು ಎಂದು ನಾನು ಹೇಳುತ್ತಿಲ್ಲ; ಅವರಿಗೆ ಅದು ನ್ಯಾಯವಾಗಿ ಕಂಡಿರಬಹುದು. ಆದರೆ ಯಾರ ಹಿತ ಕಾಯಲೆಂದು ಅವರು ಅಲ್ಲಿದ್ದಾರೋ ಆ ಜನರಿಗೇ ಅದು ನ್ಯಾಯವೆನಿಸಲಿಲ್ಲ. ಕಾವಲುಗಾರರಿಗೂ ಅವರು ಕಾಯುವ ಮನೆಯವರಿಗೂ ನಡುವೆ ಇಷ್ಟು ದೂರ ಇರಬಾರದು.

ಇನ್ನೊಂದು ಪ್ರಸಂಗ ಕಂಪನಿಯ ಕಾರ್ಯತಂತ್ರಕ್ಕೇ ಸಂಬಂಧಿಸಿದ್ದು. 2014ರ ಜನವರಿಯಲ್ಲಿ ಮಾರುತಿ ಸುಜುಕಿ ಮಂಡಳಿ ಒಂದು ದೊಡ್ಡ ತೀರ್ಮಾನ ಮಾಡಿತು. ಗುಜರಾತಿನಲ್ಲಿ ಮಾರುತಿಯೇ ಕಟ್ಟಬೇಕೆಂದಿದ್ದ ಕಾರ್ಖಾನೆಯನ್ನು ಜಪಾನಿನ ಸುಜುಕಿ ತನ್ನ ಸ್ವಂತ ಅಂಗಸಂಸ್ಥೆಯ ಮೂಲಕ ಕಟ್ಟುತ್ತದೆ, ಅಲ್ಲಿ ತಯಾರಾದ ಕಾರುಗಳನ್ನು ಮಾರುತಿ ಕೊಳ್ಳುತ್ತದೆ ಎಂದು. ಕಾರು ತಯಾರಿಸುವ ಕಂಪನಿ ಕಾರು ಕೊಂಡು ಮಾರುವ ಕಂಪನಿಯಾಗಿಬಿಟ್ಟರೆ ಗತಿಯೇನು ಎಂದು ಮ್ಯೂಚುವಲ್ ಫಂಡ್‌ಗಳು, ಎಲ್‌ಐಸಿ ದನಿ ಎತ್ತಿದವು. ಮಾರ್ಚ್ ಹೊತ್ತಿಗೆ ಮಂಡಳಿ ಒಪ್ಪಂದದ ಷರತ್ತುಗಳನ್ನು ಮಾರುತಿಯ ಹಿತಕ್ಕೆ ಬರುವಂತೆ ತಿದ್ದಿತು, ಸುಜುಕಿ ಹೊರತಾದ ಷೇರುದಾರರ ಮತ ಕೇಳುವುದಾಗಿ ಹೇಳಿತು. 2015ರ ಡಿಸೆಂಬರ್‌ನಲ್ಲಿ ಆ ಮತ ನಡೆದು, ತಿದ್ದಿದ ಯೋಜನೆಗೆ ದೊಡ್ಡ ಬಹುಮತ ಸಿಕ್ಕಿತು. ಗಮನಿಸಬೇಕಾದದ್ದು ಇದನ್ನೇ: ಷೇರುದಾರರು ಯೋಜನೆಯನ್ನು ಕೊಲ್ಲಲಿಲ್ಲ, ಉತ್ತಮಪಡಿಸಿದರು. ಮುಂದೆ 2023ರಲ್ಲಿ ಮಾರುತಿ ಆ ಗುಜರಾತ್ ಘಟಕವನ್ನು ತನ್ನ ತೆಕ್ಕೆಗೇ ತೆಗೆದುಕೊಂಡಿತು.

ಇಲ್ಲಿ ಒಬ್ಬ ಚುರುಕಾದ ಓದುಗ ತಡೆಯುತ್ತಾನೆ. ಸತ್ಯಂ ಪ್ರವರ್ತಕರ ಬಳಿ ಕೊನೆಯ ವರ್ಷ ಶೇ 10ರಷ್ಟೂ ಷೇರು ಇರಲಿಲ್ಲವಲ್ಲ? ಅಲ್ಲಿನ ನಿರ್ದೇಶಕರನ್ನು ನೇಮಿಸಿದ ಮತಗಳು ಇತರ ಷೇರುದಾರರವೇ ತಾನೇ? ಹೌದು, ಮತ್ತು ಈ ಆಕ್ಷೇಪಕ್ಕೆ ತೂಕವಿದೆ. ಸತ್ಯಂನಲ್ಲಿ ಮತದ ಹಕ್ಕು ಇತ್ತು, ಅದನ್ನು ಬಳಸುವ ಅಭ್ಯಾಸ ಇರಲಿಲ್ಲ. ದೊಡ್ಡ ದೊಡ್ಡ ಹೂಡಿಕೆ ಸಂಸ್ಥೆಗಳು ಆಡಳಿತ ಕಳಿಸಿದ ಹೆಸರಿಗೆಲ್ಲ ಹೂಂ ಎನ್ನುತ್ತಿದ್ದ ಕಾಲವದು. ಆ ವರ್ಷವೇ ಕಂಪನಿಗೆ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಿಕ್ಕಿತ್ತು. ಹಾಗಾಗಿ ಮತವೊಂದೇ ಸಾಲದು, ಮತ ಹಾಕುವವರು ಎಚ್ಚರವಿರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಡಿಸೆಂಬರ್ 16ರ ರಾತ್ರಿ ಖರೀದಿಯನ್ನು ನಿಲ್ಲಿಸಿದ್ದೂ ಅದೇ ಹೊರಗಿನ ಷೇರುದಾರರ ಸಿಟ್ಟು ಎಂಬುದನ್ನು ಮರೆಯಬಾರದು. ಎಚ್ಚರವಾದ ಮೇಲೆ ಅವರಿಗೆ ಒಂದು ರಾತ್ರಿ ಸಾಕಾಯಿತು. ಅಂದಿನಿಂದ ಇಂದಿಗೆ ಒಂದು ಬದಲಾವಣೆಯೂ ಆಗಿದೆ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ಎಲ್ಲ ನಿರ್ಣಯಗಳ ಮೇಲೂ ಮತ ಹಾಕಲೇಬೇಕು ಎಂದು ಸೆಬಿ ವಿಧಿಸಿದೆ. ಅದಕ್ಕೂ ಮುಂಚೆ, 2021ರ ಆಗಸ್ಟ್‌ನಲ್ಲಿ, ಐಷರ್ ಮೋಟರ್ಸ್‌ನ ಷೇರುದಾರರು ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಭಾವನೆಯ ನಿರ್ಣಯವನ್ನು ಸೋಲಿಸಿದರು. ಮಂಡಳಿ ಸಂಭಾವನೆಯ ಮಿತಿ ಇಳಿಸಿ ಮತ್ತೆ ಬಂದಾಗಷ್ಟೇ ಒಪ್ಪಿದರು.

ಇದಕ್ಕೆ ಹೊಂದಿಕೊಂಡ ಎರಡನೆಯ ಆಕ್ಷೇಪವನ್ನು ನಿರ್ದೇಶಕರೇ ಎತ್ತುತ್ತಾರೆ. ನಾವು ಪತ್ತೇದಾರರಲ್ಲ, ಕೊಟ್ಟ ಕಾಗದ ಓದಿ ತೀರ್ಮಾನ ಮಾಡುವವರು. ವಂಚನೆ ಮಾಡಬೇಕೆಂದು ಹೊರಟವರನ್ನು ವರ್ಷಕ್ಕೆ ನಾಲ್ಕು ಸಭೆಗಳಲ್ಲಿ ಹಿಡಿಯುವುದು ಹೇಗೆ ಎಂದು. ಪತ್ತೇದಾರಿಕೆಯನ್ನು ಯಾರೂ ಕೇಳುತ್ತಿಲ್ಲ. ಕೇಳುವುದು ಕಾಗದ ಸಾಲದಿದ್ದಾಗ ಇನ್ನಷ್ಟು ಕಾಗದ ತರಿಸುವ ಕೆಲಸ. ಐಎಲ್‌ಆ್ಯಂಡ್‌ಎಫ್‌ಎಸ್ ಸಮೂಹ ಸುಮಾರು 91,000 ಕೋಟಿ ರೂಪಾಯಿ ಸಾಲದ ಭಾರದಲ್ಲಿ 2018ರಲ್ಲಿ ಕುಸಿದಾಗ, ಅಪಾಯದ ಮೇಲೆ ಕಣ್ಣಿಡಬೇಕಿದ್ದ ಮಂಡಳಿಯ ಸಮಿತಿ 2015ರ ನಂತರ ಹೆಚ್ಚೂಕಡಿಮೆ ಸೇರಲೇ ಇರಲಿಲ್ಲ ಎಂಬುದು ಹೊರಬಿತ್ತು. ಸಭೆ ಕರೆಯಿರಿ ಎನ್ನಲು ಪತ್ತೇದಾರಿ ಬುದ್ಧಿ ಬೇಕಿಲ್ಲ. 2018ರ ಮಾರ್ಚ್‌ನಲ್ಲಿ ಐಸಿಐಸಿಐ ಬ್ಯಾಂಕಿನ ಸಿಇಒ ಚಂದಾ ಕೊಚ್ಚರ್ ಅವರ ಮೇಲೆ ಹಿತಾಸಕ್ತಿ ಸಂಘರ್ಷದ ಆರೋಪ ಬಂದಾಗ, ಮಂಡಳಿ ಅವರಲ್ಲಿ ಪೂರ್ಣ ವಿಶ್ವಾಸವಿದೆ ಎಂದು ಹೇಳಿಕೆ ಕೊಟ್ಟಿತು. ಸ್ವತಂತ್ರ ವಿಚಾರಣೆಗೆ ತೀರ್ಮಾನಿಸಿದ್ದು ಎರಡು ತಿಂಗಳ ನಂತರ. ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ವರದಿ 2019ರ ಜನವರಿಯಲ್ಲಿ ಬಂದು, ಬ್ಯಾಂಕಿನ ನೀತಿಸಂಹಿತೆ ಉಲ್ಲಂಘನೆಯಾಗಿದೆ ಎಂದಾಗ, ಅದೇ ಮಂಡಳಿ ಅವರ ನಿರ್ಗಮನವನ್ನು ತಪ್ಪಿನ ಕಾರಣದ ವಜಾ ಎಂದೇ ಪರಿಗಣಿಸಿತು. ಕೋರ್ಟಿನ ವಿಷಯ ಕೋರ್ಟಿಗೆ ಬಿಡೋಣ. ಮಂಡಳಿಯ ಮಟ್ಟಿಗೆ ಹೇಳುವುದಾದರೆ, ವಿಚಾರಣೆ ಮೊದಲು, ವಿಶ್ವಾಸ ಆಮೇಲೆ ಎಂಬ ಕ್ರಮ ತಲೆಕೆಳಗಾಗಿತ್ತು.

ಮೂರನೆಯ ಆಕ್ಷೇಪ ಬೆಂಗಳೂರಿನಲ್ಲಿ ಹೆಚ್ಚು ಕೇಳಿಬರುವಂಥದ್ದು. ಹೊಸದೊಂದನ್ನು ಕಟ್ಟುವವರಿಗೆ ವೇಗ ಬೇಕು, ಸ್ಥಾಪಕರ ಹುಚ್ಚು ಧೈರ್ಯ ಬೇಕು, ಪ್ರತಿ ಹೆಜ್ಜೆಗೂ ಹಿರಿಯರ ಸಭೆಯ ಅಪ್ಪಣೆ ಕೇಳುತ್ತ ಕೂತರೆ ಕಂಪನಿ ಬೆಳೆಯುವುದಿಲ್ಲ ಎಂಬ ವಾದ. ಇದಕ್ಕೆ ಬೈಜೂಸ್ ಉತ್ತರ ಕೊಟ್ಟಿದೆ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಆ ಕಂಪನಿ ಕಾನೂನಿನ ಲೆಕ್ಕದಲ್ಲಿ ಖಾಸಗಿ; ಸ್ವತಂತ್ರ ನಿರ್ದೇಶಕರು ಇರಲೇಬೇಕೆಂಬ ಕಟ್ಟುಪಾಡಿಲ್ಲ. ಮಂಡಳಿಯಲ್ಲಿದ್ದವರು ಸ್ಥಾಪಕ, ಅವರ ಪತ್ನಿ, ಅವರ ಸಹೋದರ ಮತ್ತು ಮೂವರು ಹೂಡಿಕೆದಾರರ ಪ್ರತಿನಿಧಿಗಳು. ಲೆಕ್ಕಪತ್ರ ತಡವಾಗುತ್ತ ಹೋಯಿತು, ಖರೀದಿಗಳು ನಡೆಯುತ್ತ ಹೋದವು. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧಕರಾದ ಡೆಲಾಯ್ಟ್ ಹೊರನಡೆದರು, ಅದೇ ಹೊತ್ತಿಗೆ ಹೂಡಿಕೆದಾರರ ಮೂವರು ಪ್ರತಿನಿಧಿಗಳೂ ಮಂಡಳಿ ಬಿಟ್ಟರು. ಉಳಿದದ್ದು ಒಂದು ಕುಟುಂಬ. ಮರುವರ್ಷ ಜುಲೈನಲ್ಲಿ, 158 ಕೋಟಿ ರೂಪಾಯಿ ಬಾಕಿಗಾಗಿ ಬಿಸಿಸಿಐ ಹಾಕಿದ ಅರ್ಜಿಯ ಮೇಲೆ, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ವೇಗಕ್ಕೆ ಮಂಡಳಿ ಅಡ್ಡ ಬಂದಿದ್ದರೆ ಆ ಕಂಪನಿ ಇಂದು ಚಿಕ್ಕದಾಗಿ ಉಳಿದಿರುತ್ತಿತ್ತು ಎನ್ನಬಹುದೇನೋ. ಉಳಿದಿರುತ್ತಿತ್ತು ಎಂಬುದೇ ಆ ನೌಕರರಿಗೆ ಮುಖ್ಯ.

ನಾಲ್ಕನೆಯದು ಹೊಣೆಗಾರಿಕೆಯ ಭಯ: ಬಿಗಿ ಹೆಚ್ಚಾದರೆ ಯೋಗ್ಯರು ಬರುವುದಿಲ್ಲ. ಕಾಯ್ದೆಯ 149ನೇ ಸೆಕ್ಷನ್ ಈಗಾಗಲೇ ಸ್ವತಂತ್ರ ನಿರ್ದೇಶಕರಿಗೆ ರಕ್ಷಣೆ ಕೊಟ್ಟಿದೆ. ಅವರಿಗೆ ತಿಳಿದು, ಅವರ ಸಮ್ಮತಿಯಿಂದ ನಡೆದ ಅಥವಾ ಅವರು ಶ್ರದ್ಧೆಯಿಂದ ನಡೆದುಕೊಳ್ಳದ ಕಾರಣ ಆದ ತಪ್ಪಿಗಷ್ಟೇ ಅವರು ಹೊಣೆ. ಅದಕ್ಕಿಂತ ಕಡಿಮೆ ಹೊಣೆಗೆ ಯಾರೂ ಆಸೆಪಡಬಾರದು.

ಐದನೆಯ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ, ಅದು ನಮ್ಮ ಊರಿನದೇ ಕಂಪನಿಯಿಂದ ಬಂದದ್ದು. ಮಂಡಳಿ ಷೇರುದಾರರ ಮಾತಿಗೆ ಓಗೊಡಬೇಕೆಂದರೆ, ಜೋರು ದನಿಯ ಷೇರುದಾರನೊಬ್ಬ ಇಡೀ ಮಂಡಳಿಯನ್ನೇ ಅಲ್ಲಾಡಿಸಿದರೆ? ಇನ್ಫೊಸಿಸ್ ಮಂಡಳಿ 2014ರಲ್ಲಿ ವಿಶಾಲ್ ಸಿಕ್ಕಾ ಅವರನ್ನು ಸಿಇಒ ಮಾಡಿತು. 1981ರಲ್ಲಿ ಹುಟ್ಟಿದ ಕಂಪನಿಗೆ ಸ್ಥಾಪಕರ ಗುಂಪಿನ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥರು. ಮಂಡಳಿಯೊಂದು ಕಂಪನಿಯ ದಾರಿಯನ್ನು ಬದಲಿಸಲು ಇದಕ್ಕಿಂತ ದೊಡ್ಡ ಉಪಾಯವಿಲ್ಲ. ಸಿಇಒ ಯಾರು ಎಂಬುದು ತೀರ್ಮಾನವಾದರೆ ಯಾವ ವ್ಯವಹಾರ, ಯಾವ ಖರೀದಿ, ಯಾವ ವೇಗ ಎಂಬುದೆಲ್ಲ ಅರ್ಧ ತೀರ್ಮಾನವಾದಂತೆ. 2020ರ ಹೊತ್ತಿಗೆ 2,000 ಕೋಟಿ ಡಾಲರ್ ವಹಿವಾಟಿನ ಗುರಿ ಬಂತು, 2015ರಲ್ಲಿ ಇಸ್ರೇಲ್ ಮೂಲದ ಪನಾಯಾವನ್ನು 20 ಕೋಟಿ ಡಾಲರಿಗೆ ಕೊಂಡದ್ದಾಯಿತು. ಆಮೇಲೆ ಆ ಖರೀದಿಯ ಬಗ್ಗೆ, ಹೊರಟುಹೋದ ಹಣಕಾಸು ಮುಖ್ಯಸ್ಥರಿಗೆ ಗೊತ್ತುಮಾಡಿದ 17.38 ಕೋಟಿ ರೂಪಾಯಿ ಪರಿಹಾರದ ಬಗ್ಗೆ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ಸ್ಥಾಪಕರ ಕುಟುಂಬಗಳೆಲ್ಲ ಸೇರಿ ಇದ್ದ ಪಾಲು ಸುಮಾರು ಶೇ 12.75. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಮಂಡಳಿ ಮೂರ್ತಿಯವರ ನಿರಂತರ ಟೀಕೆಯನ್ನೇ ಕಾರಣವೆಂದು ಹೆಸರಿಸಿತು. ಷೇರು ಒಂದೇ ದಿನ ಶೇ 10ರ ಹತ್ತಿರ ಇಳಿಯಿತು. ಒಂದು ವಾರದೊಳಗೆ ಅಧ್ಯಕ್ಷ ಆರ್. ಶೇಷಸಾಯಿ ಹೋಗಿ ನಂದನ್ ನಿಲೇಕಣಿ ಬಂದರು. ಹೊಸ ಮಂಡಳಿಯೂ ಪನಾಯಾ ಖರೀದಿಯಲ್ಲಿ ಅಕ್ರಮದ ಪುರಾವೆ ಸಿಕ್ಕಿಲ್ಲ ಎಂದೇ ಹೇಳಿತು.

ಹಾಗಾದರೆ ಮೂರ್ತಿಯವರದು ತಪ್ಪೇ, ಮಂಡಳಿಯದು ಸರಿಯೇ? ಎರಡೂ ಕಡೆ ತೂಗಿ ನೋಡಿದಾಗ ನನಗೆ ಕಾಣುವುದು ಬೇರೆ. ಪರಿಹಾರದ ವಿಷಯದಲ್ಲಿ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಒಪ್ಪಂದಕ್ಕೆ ನಾಮನಿರ್ದೇಶನ ಮತ್ತು ಲೆಕ್ಕಪರಿಶೋಧನಾ ಸಮಿತಿಗಳ ಮುಂಚಿನ ಅನುಮತಿ ಪಡೆದಿರಲಿಲ್ಲ ಎಂಬ ವಿಷಯವನ್ನು ಕಂಪನಿ 2019ರಲ್ಲಿ ಸೆಬಿಗೆ 34.34 ಲಕ್ಷ ರೂಪಾಯಿ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಒಂದು ಭಾಗವನ್ನಷ್ಟೇ ಕೊಟ್ಟು ಉಳಿದದ್ದನ್ನು ತಡೆದದ್ದೂ ನಿಲ್ಲಲಿಲ್ಲ. 2018ರಲ್ಲಿ ಮಧ್ಯಸ್ಥಿಕೆ ಮಂಡಳಿ ಬಾಕಿ 12.17 ಕೋಟಿಯನ್ನು ಬಡ್ಡಿ ಸಮೇತ ಕೊಡಬೇಕೆಂದಿತು. ಮಂಡಳಿಯ ಒಳಮನೆಯಲ್ಲಿ ಶಿಸ್ತು ತಪ್ಪಿದ್ದು ನಿಜ. ಆದರೆ ಪ್ರಶ್ನೆ ಕೇಳಿದ ಜಾಗ ಸರಿಯಿರಲಿಲ್ಲ. ಪತ್ರಿಕೆಗಳಲ್ಲಿ, ಸೋರಿಬಂದ ಇಮೇಲ್‌ಗಳಲ್ಲಿ ಎತ್ತಿದ ಪ್ರಶ್ನೆಗೆ ಮಂಡಳಿ ಎಂದೂ ತೃಪ್ತಿಕರ ಉತ್ತರ ಕೊಡಲಾರದು, ಉಳಿದ ಶೇ 87 ಷೇರುದಾರರು ಏನನ್ನುತ್ತಾರೆ ಎಂಬುದೂ ತಿಳಿಯುವುದಿಲ್ಲ. ಮತಪೆಟ್ಟಿಗೆಯ ಗುಣವೇ ಅದು: ಎಷ್ಟೇ ದೊಡ್ಡ ಹೆಸರಿನವರಾದರೂ ಷೇರು ಎಷ್ಟಿದೆಯೋ ಅಷ್ಟೇ ಮತ. ಆದ್ದರಿಂದ ಇನ್ಫೊಸಿಸ್ ಪ್ರಕರಣ ನನ್ನ ವಾದವನ್ನು ಕೆಡಿಸುವುದಿಲ್ಲ. ಎಲ್ಲ ಷೇರುದಾರರ ಮತದಿಂದ ಬಂದ ಮಂಡಳಿಗೆ ಸ್ಥಾಪಕರ ಎದುರು ನಿಲ್ಲಲು ಬೆನ್ನುಮೂಳೆ ಸಿಗುತ್ತದೆ, ಸ್ಥಾಪಕರ ಪ್ರಶ್ನೆ ಸರಿಯಿದ್ದರೆ ಒಪ್ಪಿಕೊಳ್ಳಲು ಹಿಂಜರಿಕೆಯೂ ಇರುವುದಿಲ್ಲ.

ಮಂಡಳಿ ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದನ್ನು ತಿಳಿಯಲು ಮತ್ತೆ ಸತ್ಯಂಗೇ ಹೋಗಬೇಕು. ರಾಜು ಪತ್ರ ಬರೆದ ನಾಲ್ಕು ದಿನದಲ್ಲಿ ಕೇಂದ್ರ ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನು ಕೂರಿಸಿತು. ಕೆಲವೇ ದಿನಗಳಲ್ಲಿ ಇನ್ನೂ ಮೂವರು ಸೇರಿದರು. ಅವರ ಕೈಗೆ ಸಿಕ್ಕಿದ್ದು ನಂಬಲರ್ಹವಾದ ಒಂದು ಲೆಕ್ಕಪುಸ್ತಕವೂ ಇಲ್ಲದ ಕಂಪನಿ, 50,000ಕ್ಕೂ ಹೆಚ್ಚು ನೌಕರರ ತಿಂಗಳ ಸಂಬಳ, ಬಿಟ್ಟುಹೋಗಲು ಬಾಗಿಲಲ್ಲಿ ನಿಂತ ಗ್ರಾಹಕರು. ಹೊಸ ಲೆಕ್ಕಪರಿಶೋಧಕರನ್ನು ಕರೆತಂದರು. ಬ್ಯಾಂಕುಗಳಿಂದ 600 ಕೋಟಿ ರೂಪಾಯಿ ಸಾಲ ಗೊತ್ತುಮಾಡಿ ಸಂಬಳ ನಿಲ್ಲದಂತೆ ನೋಡಿಕೊಂಡರು. ಒಳಗಿನವರನ್ನೇ ಒಬ್ಬರನ್ನು ಸಿಇಒ ಮಾಡಿದರು. ಸ್ಪರ್ಧಾತ್ಮಕ ಬಿಡ್‌ನಲ್ಲಿ ಏಪ್ರಿಲ್ 13ರಂದು ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿಯಂತೆ ಬೆಲೆ ಸೂಚಿಸಿ ಕಂಪನಿಯನ್ನು ಗೆದ್ದಿತು. ಮೂರೇ ತಿಂಗಳು. ಹಳೆಯ ಮಂಡಳಿಗಿಂತ ಇವರ ಪದವಿಗಳೇನೂ ಹೆಚ್ಚಿರಲಿಲ್ಲ. ಅಧ್ಯಕ್ಷರ ಮುಲಾಜು ಇರಲಿಲ್ಲ, ಕಂಪನಿಯನ್ನು ಉಳಿಸುವ ಒಂದೇ ಹೊಣೆ ಇತ್ತು. ಆ ಸ್ಥಿತಿ ಬರಲು ಒಂದು ಕಂಪನಿ ಮುಳುಗುವವರೆಗೆ ಕಾಯಬೇಕಾದ್ದಿಲ್ಲ.

2021ರಲ್ಲಿ ಬದಿಗಿಟ್ಟ ಪ್ರಸ್ತಾವವನ್ನು ಸೆಬಿ ಮತ್ತೆ ಕೈಗೆತ್ತಿಕೊಳ್ಳಬೇಕು. ಸ್ವತಂತ್ರ ನಿರ್ದೇಶಕರ ನೇಮಕಕ್ಕೂ ಅವರನ್ನು ತೆಗೆಯುವುದಕ್ಕೂ ಪ್ರವರ್ತಕರಲ್ಲದ ಷೇರುದಾರರ ಬಹುಮತ ಬೇಕೇ ಬೇಕು ಎಂದಾಗಬೇಕು. ಪೂರ್ತಿ ಹೊಸದಾಗಿ ಯೋಚಿಸಬೇಕಾದ್ದೇನೂ ಇಲ್ಲ: ವಿಶೇಷ ನಿರ್ಣಯ ಬಿದ್ದುಹೋದರೂ ಸಾಮಾನ್ಯ ಬಹುಮತದ ಜೊತೆ ಪ್ರವರ್ತಕರಲ್ಲದವರ ಬಹುಮತ ಇದ್ದರೆ ನೇಮಕ ಊರ್ಜಿತ ಎಂದು 2022ರ ನವೆಂಬರ್‌ನಲ್ಲಿ ಸೆಬಿಯೇ ಪರ್ಯಾಯ ದಾರಿಯೊಂದನ್ನು ತೆರೆದಿದೆ. ಆ ಲೆಕ್ಕ ಹಾಕುವ ವಿಧಾನ ನಿಯಮಾವಳಿಯಲ್ಲಿ ಈಗಾಗಲೇ ಇದೆ. ಪರ್ಯಾಯವಾಗಿರುವುದನ್ನು ಕಡ್ಡಾಯ ಮಾಡಿದರೆ ಸಾಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಹೆಸರಿನಲ್ಲಿ ಯಾವುದಾದರೂ ಕಂಪನಿಯ ಹತ್ತು ಷೇರು ಇದ್ದರೂ, ಸೆಪ್ಟೆಂಬರ್ 30ರೊಳಗೆ ನಡೆಯುವ ವಾರ್ಷಿಕ ಸಭೆಯ ನೋಟಿಸು ನಿಮ್ಮ ಇಮೇಲಿಗೆ ಬರುತ್ತದೆ, ಸಭೆಗೆ 21 ದಿನ ಮುಂಚೆ. ಅದರಲ್ಲಿ ನೇಮಕವಾಗಲಿರುವ ನಿರ್ದೇಶಕರ ಹೆಸರು, ಅವರು ಬೇರೆ ಯಾವ ಕಂಪನಿಗಳಲ್ಲಿದ್ದಾರೆ ಎಂಬ ವಿವರ, ನೇಮಕಕ್ಕೆ ಕೊಟ್ಟ ಸಮರ್ಥನೆ ಇರುತ್ತದೆ. ಕಳೆದ ವರ್ಷ ಎಷ್ಟು ಸಭೆಗೆ ಬಂದಿದ್ದರು ಎಂಬುದು ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಹತ್ತು ನಿಮಿಷ ಓದಿ. ಇ-ಮತದಾನ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ ಐದಕ್ಕೆ ಮುಚ್ಚುತ್ತದೆ. ಮುಚ್ಚುವ ಮೊದಲು ಮತ ಹಾಕಿ.